ಲೂಸಿ ಎಂಜಿನ್ ಮತ್ತು ಅಪ್ಲಿಕೇಶನ್ ಸರ್ವರ್: ರೀಸ್ಟಾರ್ಟ್ ಆದಾಗಲೆಲ್ಲ ಸೆಟ್ಟಿಂಗ್‌ಗಳು ಅಳಿಸಿಹೋಗುವುದೇಕೆ?

ಓದುಗರ ಪ್ರಶ್ನೆ: ನಮ್ಮದು ಒಂದು ಸಹಕಾರಿ ಸಂಸ್ಥೆ. ಸದಸ್ಯರ ನೋಂದಣಿ, ಷೇರು, ಸಾಲದ ಅರ್ಜಿ ಎಲ್ಲವನ್ನೂ ನಿರ್ವಹಿಸುವ ವೆಬ್ ತಂತ್ರಾಂಶವನ್ನು ಬಹಳ ವರ್ಷಗಳ ಹಿಂದೆ ಕೋಲ್ಡ್‌ಫ್ಯೂಷನ್ ಎಂಬ ವೆಬ್ ಭಾಷೆಯಲ್ಲಿ ಬರೆಸಲಾಗಿತ್ತು. ಅದು ಇದುವರೆಗೆ ವಿಂಡೋಸ್ ಸರ್ವರ್ ಮೇಲೆ ನಡೆಯುತ್ತಿತ್ತು. ಹೊಸ ಪರವಾನಗಿ ಕೊಳ್ಳುವ ಬದಲು ಅದೇ ಭಾಷೆಯ ಕೋಡನ್ನು ಓಡಿಸುವ ಮುಕ್ತ ತಂತ್ರಾಂಶವಾದ ಲೂಸಿಯನ್ನು ಬಳಸಲು ಆಡಳಿತ ಮಂಡಳಿ ಒಪ್ಪಿದೆ. ನಮ್ಮಲ್ಲಿ ಬೇರೆ ಕೆಲಸಕ್ಕೆ ಲಿನಕ್ಸ್ ಮೇಲೆ ವೈಲ್ಡ್‌ಫ್ಲೈ 26 ಎಂಬ ಜಾವಾ ಅಪ್ಲಿಕೇಶನ್ ಸರ್ವರ್ ಮೊದಲೇ ಇದ್ದುದರಿಂದ, ಲೂಸಿ 5.4 ಮತ್ತು ನಮ್ಮ ಕೋಡ್ ಎರಡನ್ನೂ ಒಂದೇ ವಾರ್ ಫೈಲ್ (ಜಾವಾ ವೆಬ್ ಅಪ್ಲಿಕೇಶನ್ನಿನ ಪೊಟ್ಟಣ) ಮಾಡಿ ಅದರಲ್ಲಿ ಹಾಕಿದೆ. ಮುಖಪುಟ ಬಂತು. ಆದರೆ ಸರ್ವರ್ ರೀಸ್ಟಾರ್ಟ್ ಆದಾಗಲೆಲ್ಲ ಡೇಟಾಸೋರ್ಸ್‌ಗಳು (ಡೇಟಾಬೇಸ್ ಸಂಪರ್ಕದ ವಿವರಗಳು), ಅಡ್ಮಿನ್ ಪಾಸ್‌ವರ್ಡ್ ಅಳಿಸಿಹೋಗುತ್ತವೆ. ಸದಸ್ಯರು ಅಪ್‌ಲೋಡ್ ಮಾಡಿದ ಫೋಟೊಗಳೂ ಹೋದವು. ಕೆಲವು ವಿಳಾಸಗಳಿಗೆ 404 ಬರುತ್ತದೆ. ಹೊಸದಾಗಿ ಸೇರಿಸಿದ ಕನ್ನಡ ಹೆಸರುಗಳು ಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತವೆ. ಟಾಮ್‌ಕ್ಯಾಟ್ 10 ಎಂಬ ಇನ್ನೊಂದು ಜಾವಾ ಸರ್ವರಿನಲ್ಲಿ ಪ್ರಯತ್ನಿಸಿದರೆ ಎಂಜಿನ್ ಆರಂಭವೇ ಆಗಲಿಲ್ಲ. ಸಹೋದ್ಯೋಗಿಯೊಬ್ಬರು, ಜಾವಾ ಮೇಲೆ ಇನ್ನೊಂದು ಸ್ಕ್ರಿಪ್ಟ್ ಎಂಜಿನ್ ಎಂದರೆ ಎರಡು ಪದರ, ಅದು ನಿಧಾನವಾಗಿಯೇ ಇರುತ್ತದೆ, ಮೆಮೊರಿ ಹೆಚ್ಚಿಸಿ ಎನ್ನುತ್ತಾರೆ. ನಾವು ಟಾಮ್‌ಕ್ಯಾಟ್‌ಗೆ ಹೋಗಬೇಕೇ, ವೈಲ್ಡ್‌ಫ್ಲೈನಲ್ಲೇ ಸರಿಪಡಿಸಬೇಕೇ, ಇಲ್ಲವೇ ಹಳೆಯದಕ್ಕೇ ಮರಳಬೇಕೇ?

ಉತ್ತರ: ಮೊದಲು ತುರ್ತಿನ ಮಾತು. ಇದನ್ನು ಓದುವ ಹೊತ್ತಿಗೆ ಆ ಸರ್ವರ್ ನಡೆಯುತ್ತಿದ್ದರೆ ದಯವಿಟ್ಟು ಇನ್ನೊಮ್ಮೆ ರೀಸ್ಟಾರ್ಟ್ ಮಾಡಬೇಡಿ. ವೈಲ್ಡ್‌ಫ್ಲೈನ ಸ್ಟ್ಯಾಂಡ್‌ಅಲೋನ್ ಫೋಲ್ಡರ್‌ನೊಳಗೆ ಟಿಎಂಪಿ, ಅದರೊಳಗೆ ವಿಎಫ್‌ಎಸ್ ಎಂಬ ಉಪಫೋಲ್ಡರ್ ಇರುತ್ತದೆ. ಅದನ್ನು ಇಡಿಯಾಗಿ ಬೇರೆ ಜಾಗಕ್ಕೆ ನಕಲು ಮಾಡಿಕೊಳ್ಳಿ. ಕಳೆದ ರೀಸ್ಟಾರ್ಟ್‌ನಿಂದ ಈಚೆಗೆ ಬಂದ ಫೋಟೊಗಳು, ನೀವು ಕೈಯಾರೆ ಮಾಡಿದ ಸೆಟ್ಟಿಂಗ್‌ಗಳು ಈಗ ಅಲ್ಲಿಯೇ ಇವೆ. ಹಿಂದೊಮ್ಮೆ ಸರ್ವರ್ ಅಸಹಜವಾಗಿ ನಿಂತಿದ್ದರೆ ಆ ಸಲದ ತಾತ್ಕಾಲಿಕ ಫೋಲ್ಡರ್ ಕೂಡ ಅಳಿಯದೆ ಉಳಿದಿರುವ ಸಾಧ್ಯತೆ ಇದೆ, ಹುಡುಕಿ ನೋಡಿ. ಉಳಿದ ಫೋಟೊಗಳಿಗೆ ಬ್ಯಾಕಪ್ ಬಿಟ್ಟರೆ ಬೇರೆ ದಾರಿಯಿಲ್ಲ.

ನೀವು ಹೇಳಿರುವ ಐದಾರು ತೊಂದರೆಗಳು ಒಂದೇ ಕಡೆ ಕಾಣಿಸಿಕೊಂಡಿದ್ದರಿಂದ, ಎಂಜಿನ್ ಸರಿಯಿಲ್ಲ ಅಥವಾ ವೈಲ್ಡ್‌ಫ್ಲೈ ಸರಿಯಿಲ್ಲ ಎಂಬ ಅನುಮಾನ ಬರುವುದು ಸಹಜ. ನಿಮ್ಮ ವಿವರಣೆಯನ್ನು ಓದಿದರೆ ಎರಡೂ ತಮ್ಮ ನಿಯಮದಂತೆಯೇ ನಡೆದಿವೆ ಎನ್ನಬೇಕಾಗುತ್ತದೆ. ಒಬ್ಬರ ನಿಯಮ ಇನ್ನೊಬ್ಬರಿಗೆ ಗೊತ್ತಿಲ್ಲ, ಅಷ್ಟೆ. ಕಾರಣಗಳು ಮಾತ್ರ ಬೇರೆ ಬೇರೆ. ಒಂದೇ ಮದ್ದಿನಿಂದ ಎಲ್ಲವೂ ಗುಣವಾಗುವುದಿಲ್ಲ.

ಸಹೋದ್ಯೋಗಿಯ ಎರಡು ಪದರದ ಮಾತನ್ನು ಮೊದಲು ನೋಡೋಣ, ಏಕೆಂದರೆ ಅದನ್ನು ನಂಬಿದರೆ ತಪ್ಪು ಜಾಗದಲ್ಲಿ ಹಣ ಸುರಿಯುತ್ತೀರಿ. 1995ರಲ್ಲಿ ಹುಟ್ಟಿದ ಕೋಲ್ಡ್‌ಫ್ಯೂಷನ್ ಮೊದಲು ಜಾವಾ ಆಧಾರಿತವಾಗಿರಲಿಲ್ಲ ಎಂಬುದು ನಿಜ. ಆದರೆ 2002ರ ಎಂಎಕ್ಸ್ ಆವೃತ್ತಿಯಲ್ಲಿ ಮ್ಯಾಕ್ರೋಮೀಡಿಯಾ ಅದನ್ನು ಜಾವಾದಲ್ಲಿ ಹೊಸದಾಗಿ ಬರೆಯಿತು. ಅಡೋಬಿಗೆ ಬಂದ ಮೇಲೂ ಅದೇ ದಾರಿ ಮುಂದುವರಿದು, 2012ರ ಕೋಲ್ಡ್‌ಫ್ಯೂಷನ್ 10ರಿಂದ ಅದರ ಅಡಿಯಲ್ಲಿ ಟಾಮ್‌ಕ್ಯಾಟ್ ಇದೆ. ಅಂದರೆ ನಿಮ್ಮ ಹಳೆಯ ವಿಂಡೋಸ್ ಸರ್ವರಿನಲ್ಲೂ ಇದ್ದದ್ದು ಇದೇ ಎರಡು ಪದರ. ಲೂಸಿ ಎಂಬುದು ಸ್ವಿಟ್ಜರ್ಲೆಂಡಿನಲ್ಲಿ ಬೆಳೆದ ರೈಲೋ ಎಂಜಿನ್‌ನಿಂದ 2015ರಲ್ಲಿ ಕವಲೊಡೆದ ತಂತ್ರಾಂಶ. ಅದು ಸಿಎಫ್‌ಎಂ ಪುಟವನ್ನು (ಕೋಲ್ಡ್‌ಫ್ಯೂಷನ್ ಕೋಡಿನ ಫೈಲನ್ನು) ಪ್ರತಿ ಸಲ ಸಾಲು ಸಾಲಾಗಿ ಓದುತ್ತ ಕೂರುವುದಿಲ್ಲ. ಪುಟಕ್ಕೆ ಮೊದಲ ಕೋರಿಕೆ ಬಂದಾಗ ಅದನ್ನು ಜಾವಾ ಬೈಟ್‌ಕೋಡ್ ಆಗಿ ಪರಿವರ್ತಿಸಿ, ಕ್ಲಾಸ್ ಫೈಲ್ ಆಗಿ ಉಳಿಸಿ, ಮುಂದಿನ ಕೋರಿಕೆಗಳಿಗೆ ಆ ಕ್ಲಾಸನ್ನೇ ಓಡಿಸುತ್ತದೆ. ರೀಸ್ಟಾರ್ಟ್ ನಂತರ ಮೊದಲ ಕೆಲವು ನಿಮಿಷ ನಿಧಾನ ಎನಿಸಿದರೆ ಅದು ಈ ಪರಿವರ್ತನೆಯ ವೆಚ್ಚ. ನಿಮ್ಮಲ್ಲಿ ಆ ಕ್ಲಾಸ್ ಫೈಲ್‌ಗಳೂ ತಾತ್ಕಾಲಿಕ ಫೋಲ್ಡರ್‌ನೊಂದಿಗೆ ಅಳಿಯುತ್ತಿರುವುದರಿಂದ ಪ್ರತಿ ಸಲ ಶುರುವಿನಿಂದ ಆಗುತ್ತಿದೆ. ದಿನವಿಡೀ ನಿಧಾನವಿದ್ದರೆ ಕಾರಣ ಸಾಮಾನ್ಯವಾಗಿ ಡೇಟಾಬೇಸ್ ಕಡೆಗಿರುತ್ತದೆ. ಮೆಮೊರಿ ಹೆಚ್ಚಿಸುವ ಮೊದಲು, ನಿಧಾನವಾಗಿರುವ ಹೊತ್ತಿನಲ್ಲಿಯೇ ಕೆಲವು ಸೆಕೆಂಡುಗಳ ಅಂತರದಲ್ಲಿ ಎರಡು ಮೂರು ಥ್ರೆಡ್ ಡಂಪ್ (ಆ ಕ್ಷಣದಲ್ಲಿ ಜಾವಾದ ಪ್ರತಿ ಕೆಲಸದ ಎಳೆ, ಅಂದರೆ ಥ್ರೆಡ್, ಎಲ್ಲಿದೆ ಎಂಬ ಪಟ್ಟಿ) ತೆಗೆದು, ಹೆಚ್ಚಿನ ಥ್ರೆಡ್‌ಗಳು ಎಲ್ಲಿ ಕಾಯುತ್ತಿವೆ ನೋಡಿ. ಅವೆಲ್ಲ ಡೇಟಾಬೇಸ್ ಜೊತೆ ಮಾತಾಡುವ ಜೆಡಿಬಿಸಿ ಡ್ರೈವರ್‌ನೊಳಗೆ ನಿಂತಿದ್ದರೆ ಎಷ್ಟು ಮೆಮೊರಿ ಕೊಟ್ಟರೂ ಪ್ರಯೋಜನವಿಲ್ಲ.

ಈಗ ಮುಖ್ಯ ತೊಂದರೆಗೆ ಬರೋಣ. ಅಪ್ಲಿಕೇಶನ್ ಸರ್ವರ್‌ಗಳನ್ನು ರೂಪಿಸಿದವರ ದೃಷ್ಟಿಯಲ್ಲಿ ವಾರ್ ಫೈಲ್ ಎಂದರೆ ಒಮ್ಮೆ ಕಟ್ಟಿ ಮುಗಿಸಿದ ಗಂಟು. ಒಳಗೆ ಓದುವುದಷ್ಟೇ ಕೆಲಸ, ಬರೆಯುವುದಲ್ಲ. ವೈಲ್ಡ್‌ಫ್ಲೈ ಆ ಗಂಟನ್ನು ಪ್ರತಿ ಆರಂಭದಲ್ಲೂ ತಾತ್ಕಾಲಿಕ ಫೋಲ್ಡರ್‌ನಲ್ಲಿ ಬಿಚ್ಚಿ, ವರ್ಚುವಲ್ ಫೈಲ್ ಸಿಸ್ಟಂ ಎಂಬ ಪರದೆಯ ಮೂಲಕ ಅಪ್ಲಿಕೇಶನ್‌ಗೆ ತೋರಿಸುತ್ತದೆ. ಲೂಸಿಯ ಸ್ವಭಾವ ಇದಕ್ಕೆ ವಿರುದ್ಧ. ಬೇರೆ ಜಾಗ ತೋರಿಸದಿದ್ದರೆ ಅದು ವಾರ್ ಫೈಲಿನಲ್ಲಿರುವ ವೆಬ್-ಇನ್ಫ್ ಫೋಲ್ಡರ್ ಒಳಗೇ ತನ್ನ ಫೋಲ್ಡರ್‌ಗಳನ್ನು ಸೃಷ್ಟಿಸಿಕೊಂಡು, ಡೇಟಾಸೋರ್ಸ್, ಮೇಲ್ ಸರ್ವರ್, ಅಡ್ಮಿನ್ ಪಾಸ್‌ವರ್ಡ್, ಶೆಡ್ಯೂಲ್ ಮಾಡಿದ ಕೆಲಸಗಳ ಪಟ್ಟಿ, ಲಾಗ್, ಸಂಕಲಿಸಿದ ಕ್ಲಾಸ್‌ಗಳು, ಕಳುಹಿಸಲು ಕಾದಿರುವ ಇಮೇಲ್‌ಗಳು ಇವೆಲ್ಲವನ್ನೂ ಅಲ್ಲಿಯೇ ಬರೆಯುತ್ತದೆ. ಜಾತ್ರೆಗೆ ಹಾಕಿದ ಚಪ್ಪರದಲ್ಲಿ ಮನೆಯ ಪತ್ರಗಳನ್ನು ಇಟ್ಟಂತಾಯಿತು. ಚಪ್ಪರ ಬಿಚ್ಚುವವರ ಮೇಲೆ ಸಿಟ್ಟಾಗುವಂತಿಲ್ಲ. ಡೇಟಾಸೋರ್ಸ್ ಇಲ್ಲದಿದ್ದರೆ ಪುಟ ತೆರೆಯುವುದಿಲ್ಲ, ಆದ್ದರಿಂದ ಅದು ನಿಮ್ಮ ಕಣ್ಣಿಗೆ ಬಿತ್ತು. ಶೆಡ್ಯೂಲ್ ಮಾಡಿದ ಕೆಲಸಗಳು ಅಳಿದರೆ ಯಾವ ದೋಷ ಸಂದೇಶವೂ ಬರುವುದಿಲ್ಲ. ರಾತ್ರಿ ನಡೆಯಬೇಕಿದ್ದ ಬಡ್ಡಿಯ ಲೆಕ್ಕವೋ ಕಂತಿನ ಜ್ಞಾಪನೆಯೋ ನಿಮ್ಮಲ್ಲಿ ಹೀಗೆ ಸದ್ದಿಲ್ಲದೆ ನಿಂತಿರಬಹುದು, ಇವತ್ತೇ ಪರಿಶೀಲಿಸಿ.

ಟಾಮ್‌ಕ್ಯಾಟ್‌ಗೆ ಹೋದರೆ ಇದು ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಟಾಮ್‌ಕ್ಯಾಟ್ ಸಾಮಾನ್ಯವಾಗಿ ವಾರ್ ಫೈಲನ್ನು ವೆಬ್‌ಆ್ಯಪ್ಸ್ ಫೋಲ್ಡರ್‌ನಲ್ಲಿ ಒಮ್ಮೆ ಬಿಚ್ಚಿಟ್ಟು ಅದನ್ನೇ ಬಳಸುತ್ತದೆ, ಆದ್ದರಿಂದ ರೀಸ್ಟಾರ್ಟ್ ಆದರೂ ಸೆಟ್ಟಿಂಗ್ ಉಳಿಯುತ್ತದೆ. ಆದರೆ ಮುಂದಿನ ತಿಂಗಳು ಕೋಡಿನಲ್ಲಿ ಒಂದು ತಿದ್ದುಪಡಿ ಮಾಡಿ ಹೊಸ ವಾರ್ ಹಾಕಿದಿರೋ, ಹಳೆಯ ಫೋಲ್ಡರನ್ನು ಪೂರ್ತಿ ಅಳಿಸಿ ಹೊಸದನ್ನು ಬಿಚ್ಚುತ್ತದೆ. ನಷ್ಟ ಆಗುವುದು ಇದೇ, ದಿನ ಮಾತ್ರ ಮುಂದೆ ಹೋಗುತ್ತದೆ.

ಹಾಗಾಗಿ ಯಾವ ಸರ್ವರ್ ಎಂಬುದಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು ಎಂಜಿನ್, ನಿಮ್ಮ ಕೋಡ್, ದಿನನಿತ್ಯ ಬದಲಾಗುವ ದತ್ತಾಂಶ ಈ ಮೂರನ್ನೂ ಬೇರೆ ಬೇರೆ ಜಾಗದಲ್ಲಿಡುವ ವಿಚಾರ. ಲೂಸಿಯ ಸರ್ವ್ಲೆಟ್‌ಗೆ (ವೆಬ್ ಕೋರಿಕೆಗಳಿಗೆ ಉತ್ತರಿಸುವ ಜಾವಾ ಭಾಗಕ್ಕೆ) ಲೂಸಿ-ಸರ್ವರ್-ಡೈರೆಕ್ಟರಿ ಮತ್ತು ಲೂಸಿ-ವೆಬ್-ಡೈರೆಕ್ಟರಿ ಎಂಬ ಎರಡು ಆರಂಭಿಕ ನಿಯತಾಂಕಗಳಿವೆ, ವೆಬ್.ಎಕ್ಸ್‌ಎಂಎಲ್ ಫೈಲಿನಲ್ಲಿ ಇವೆರಡಕ್ಕೂ ಅಪ್ಲಿಕೇಶನ್‌ನಿಂದ ಹೊರಗಿನ ಪೂರ್ಣ ಮಾರ್ಗವನ್ನು ಕೊಡಿ. ಆ ಫೋಲ್ಡರ್‌ಗಳ ಮೇಲೆ ಸರ್ವರ್ ನಡೆಸುವ ಬಳಕೆದಾರ ಖಾತೆಗೆ ಬರೆಯುವ ಹಕ್ಕಿರಬೇಕು, ದಿನದ ಬ್ಯಾಕಪ್‌ನಲ್ಲಿ ಅವು ಸೇರಿರಬೇಕು. ಎರಡು ಸರ್ವರ್‌ಗಳಿದ್ದರೆ ಎರಡೂ ಒಂದೇ ಫೋಲ್ಡರನ್ನು ಹಂಚಿಕೊಳ್ಳುವಂತೆ ಮಾಡಬೇಡಿ. ಪ್ರತಿಯೊಂದಕ್ಕೂ ತನ್ನದೇ ಇರಲಿ. ಡೇಟಾಸೋರ್ಸನ್ನು ಅಡ್ಮಿನ್ ಪುಟದಲ್ಲಿ ಕ್ಲಿಕ್ ಮಾಡಿ ಸೃಷ್ಟಿಸುವ ಬದಲು ಇಡೀ ತಂತ್ರಾಂಶದ ಸೆಟ್ಟಿಂಗ್ ಇರುವ ಅಪ್ಲಿಕೇಶನ್.ಸಿಎಫ್‌ಸಿ ಫೈಲಿನಲ್ಲಿಯೇ ಬರೆದು, ಪಾಸ್‌ವರ್ಡನ್ನು ಮಾತ್ರ ಸರ್ವರಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಓದಿಕೊಳ್ಳುವ ಪದ್ಧತಿಯನ್ನು ನಾನು ಎಲ್ಲ ಕಡೆ ಸಲಹೆ ಮಾಡುತ್ತೇನೆ. ಲೂಸಿ 6ರಿಂದ ಸಂರಚನೆಯು ಎಕ್ಸ್‌ಎಂಎಲ್ ಬಿಟ್ಟು ಜೇಸನ್ ಫೈಲಿಗೆ ಬಂದಿರುವುದರಿಂದ ಅದನ್ನು ಕೋಡಿನ ಜೊತೆ ಗಿಟ್‌ನಲ್ಲಿಟ್ಟು ಕಾಪಾಡುವುದೂ ಸುಲಭವಾಗಿದೆ. ಇನ್ನು ಸದಸ್ಯರ ಫೋಟೊಗಳು ವೆಬ್ ಮೂಲ ಫೋಲ್ಡರ್‌ನೊಳಗೆ ಇರಲೇಬಾರದು. ಕಾರಣ ಅಳಿಸಿಹೋಗುವುದಷ್ಟೇ ಅಲ್ಲ. ಯಾರಾದರೂ ಫೋಟೊ ಎಂದು ಸಿಎಫ್‌ಎಂ ಫೈಲೊಂದನ್ನು ಅಪ್‌ಲೋಡ್ ಮಾಡಿ ಅದರ ವಿಳಾಸವನ್ನು ತೆರೆದರೆ ಎಂಜಿನ್ ಅದನ್ನು ನಂಬಿ ಓಡಿಸಿಬಿಡುತ್ತದೆ.

ಟಾಮ್‌ಕ್ಯಾಟ್ 10ರಲ್ಲಿ ಎಂಜಿನ್ ಏಳದಿರಲು ಕಾರಣ ನಿಮ್ಮ ತಪ್ಪಲ್ಲ, ಜಾವಾ ಲೋಕದ ಒಂದು ವ್ಯವಹಾರ. ಒರಾಕಲ್ 2017ರಲ್ಲಿ ಜಾವಾ ಸರ್ವರ್‌ಗಳ ಮಾನಕವಾದ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸಲು ಮುಂದಾಯಿತು, ಆದರೆ ಜಾವಾ ಎಂಬ ವ್ಯಾಪಾರ ಚಿಹ್ನೆಯನ್ನು ಬಿಟ್ಟುಕೊಡಲಿಲ್ಲ. ಮಾನಕಕ್ಕೆ ಜಕಾರ್ತಾ ಇಇ ಎಂದು ಹೊಸ ಹೆಸರು ಬಂತು. 2020ರ ಕೊನೆಗೆ ಬಂದ ಜಕಾರ್ತಾ ಇಇ 9ರಲ್ಲಿ ಜಾವಾಎಕ್ಸ್ ಎಂದು ಶುರುವಾಗುತ್ತಿದ್ದ ಪ್ಯಾಕೇಜ್‌ಗಳೆಲ್ಲ ಜಕಾರ್ತಾ ಎಂದಾದವು. ಟಾಮ್‌ಕ್ಯಾಟ್ 9 ಹಳೆಯ ಹೆಸರಿನದು, 10 ಮತ್ತು ನಂತರದವು ಹೊಸ ಹೆಸರಿನವು. ವೈಲ್ಡ್‌ಫ್ಲೈ 26 ಹಳೆಯದು, 2022ರಲ್ಲಿ ಬಂದ 27ರಿಂದ ಹೊಸದು. ಲೂಸಿ 5 ಬರೆದದ್ದು ಹಳೆಯ ಹೆಸರುಗಳಿಗೆ. ಟಾಮ್‌ಕ್ಯಾಟ್ 10ರ ಲಾಗ್‌ನಲ್ಲಿ ಜಾವಾಎಕ್ಸ್ ಸರ್ವ್ಲೆಟ್ ಕ್ಲಾಸ್ ಸಿಗಲಿಲ್ಲ ಎಂಬ ಸಾಲು ನಿಮಗೆ ಖಂಡಿತ ಕಾಣುತ್ತದೆ. ಲೂಸಿ 7 ಜಕಾರ್ತಾ ಹೆಸರಿಗೆ ಬದಲಾಗಿದೆ. ಅದಕ್ಕೆ ಟಾಮ್‌ಕ್ಯಾಟ್ 10.1 ಅಥವಾ 11 ಬೇಕು. ಹಳೆಯ ವಾರ್ ಫೈಲನ್ನು ಹೊಸ ಹೆಸರುಗಳಿಗೆ ಪರಿವರ್ತಿಸುವ ಸಾಧನವೊಂದು ಟಾಮ್‌ಕ್ಯಾಟ್ ಬಳಗದಲ್ಲಿಯೇ ಇದೆಯಾದರೂ, ಒಳಗೆ ಓಎಸ್‌ಜಿಐ ಬಂಡಲ್‌ಗಳನ್ನು (ಜಾವಾ ತುಣುಕುಗಳ ಪ್ರತ್ಯೇಕ ಪೊಟ್ಟಣಗಳನ್ನು) ಹೊತ್ತು, ಓಡುವಾಗಲೇ ಕ್ಲಾಸ್ ಸೃಷ್ಟಿಸುವ ಎಂಜಿನ್ ಮೇಲೆ ಅದನ್ನು ಪ್ರಯೋಗಿಸಲು ನಾನು ಹೇಳುವುದಿಲ್ಲ.

404 ಬರುತ್ತಿರುವ ವಿಳಾಸಗಳು ಯಾವುವೆಂದು ನೀವು ಬರೆದಿಲ್ಲ. ನನ್ನ ಅನುಭವದಲ್ಲಿ ಮೂರು ಕಡೆ ನೋಡಬೇಕು. ಇಂಡೆಕ್ಸ್.ಸಿಎಫ್‌ಎಂ ಎಂಬ ಹೆಸರು ಮುಗಿದ ಮೇಲೆ ಓರೆಗೆರೆ ಹಾಕಿ ಇನ್ನಷ್ಟು ಭಾಗಗಳನ್ನು ಸೇರಿಸಿದ ವಿಳಾಸಗಳು ಹಳೆಯ ಕೋಲ್ಡ್‌ಫ್ಯೂಷನ್‌ನಲ್ಲಿ ನಡೆಯುತ್ತಿದ್ದವು; ಆದರೆ ಸರ್ವ್ಲೆಟ್ ಮಾನಕದ ಪ್ರಕಾರ, ಯಾವ ವಿಳಾಸ ಯಾವ ಸರ್ವ್ಲೆಟ್‌ಗೆ ಹೋಗಬೇಕೆಂದು ಹೇಳುವ ನಕ್ಷೆಯೊಂದು (ಮ್ಯಾಪಿಂಗ್) ವಿಸ್ತರಣೆಯ ಮೇಲೆ ನಿಲ್ಲಬೇಕು ಅಥವಾ ಮಾರ್ಗದ ಆರಂಭದ ಮೇಲೆ ನಿಲ್ಲಬೇಕು, ಎರಡನ್ನೂ ಬೆರೆಸುವಂತಿಲ್ಲ. ಅಂಥ ಪ್ರತಿ ಪುಟಕ್ಕೂ ಅದರ ಹೆಸರಿನಿಂದಲೇ ಶುರುವಾಗುವ ಪ್ರತ್ಯೇಕ ನಕ್ಷೆಯನ್ನು ವೆಬ್.ಎಕ್ಸ್‌ಎಂಎಲ್‌ನಲ್ಲಿ ಬರೆಯಬೇಕು. ಎರಡನೆಯದಾಗಿ, ವಾರ್ ಫೈಲಿನ ಹೆಸರೇ ವಿಳಾಸದ ಮೊದಲ ಭಾಗವಾಗುವುದರಿಂದ, ಕೋಡಿನಲ್ಲಿ ಬರೀ ಓರೆಗೆರೆಯಿಂದ ಶುರುವಾಗುವ ಕೊಂಡಿಗಳೆಲ್ಲ ತಪ್ಪು ಜಾಗಕ್ಕೆ ಹೋಗುತ್ತವೆ. ಅಪ್ಲಿಕೇಶನ್ನನ್ನು ಮೂಲ ವಿಳಾಸಕ್ಕೇ ಕೂರಿಸಿದರೆ ಮುಗಿಯಿತು. ಮೂರನೆಯದು ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದವರೆಲ್ಲ ಎದುರಿಸುವ ದೊಡ್ಡಕ್ಷರ ಸಣ್ಣಕ್ಷರಗಳ ಭೇದ. ಇದರಲ್ಲಿ ಒಂದನ್ನು ಮಾತ್ರ ವಿಶೇಷವಾಗಿ ಗಮನಿಸಿ: ಅಪ್ಲಿಕೇಶನ್.ಸಿಎಫ್‌ಸಿ ಫೈಲಿನ ಮೊದಲ ಅಕ್ಷರ ಸಣ್ಣದಾಗಿದ್ದರೆ ಲಿನಕ್ಸ್‌ನಲ್ಲಿ ಎಂಜಿನ್ ಅದನ್ನು ಕಾಣುವುದೇ ಇಲ್ಲ. 404 ಕೂಡ ಬರುವುದಿಲ್ಲ. ಲಾಗಿನ್ ತಪಾಸಣೆ ಆ ಫೈಲಿನಲ್ಲಿದ್ದರೆ ಪುಟಗಳು ಯಾವ ತಪಾಸಣೆಯೂ ಇಲ್ಲದೆ ತೆರೆದುಕೊಳ್ಳುತ್ತವೆ.

ಕನ್ನಡ ಹೆಸರುಗಳ ವಿಷಯಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡುತ್ತೇನೆ. ಪರದೆಯ ಮೇಲೆ ಕೆಟ್ಟ ಅಕ್ಷರ ಕಂಡಾಗ ಅದು ಯಾವ ಬಗೆಯ ಕೆಡುಕು ಎಂದು ಮೊದಲು ಗುರುತಿಸಬೇಕು. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕಾಗುತ್ತದೆ. ಆ ಬೈಟ್‌ಗಳನ್ನು ಯಾರೋ ಲ್ಯಾಟಿನ್ ಎಂದು ಓದಿದರೆ ಒಂದೊಂದು ಸಂಕೇತದ ಜಾಗದಲ್ಲೂ ಮೂರು ವಿಚಿತ್ರ ಚಿಹ್ನೆಗಳು ಕಾಣುತ್ತವೆ. ಇದು ನೋಡಲು ಭಯಂಕರವಾದರೂ ಮೂಲ ಬೈಟ್‌ಗಳು ಉಳಿದಿದ್ದರೆ ಸರಿಪಡಿಸಬಹುದು. ಒಂದೊಂದು ಸಂಕೇತಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿದ್ದರೆ ವಿಷಯ ಬೇರೆ. ಕನ್ನಡಕ್ಕೆ ಜಾಗವೇ ಇಲ್ಲದ ಸಂಕೇತ ಪದ್ಧತಿಗೆ ಪಠ್ಯವನ್ನು ಪರಿವರ್ತಿಸಲು ಹೋದಾಗ ಜಾವಾ ಆ ಚಿಹ್ನೆಯನ್ನು ತುಂಬುತ್ತದೆ, ಮೂಲ ಅಕ್ಷರ ಅಲ್ಲಿಗೇ ಹೋಯಿತು. ಡೇಟಾಬೇಸನ್ನು ನೇರವಾಗಿ ತೆರೆದು ನೋಡಿ. ಅಲ್ಲೂ ಪ್ರಶ್ನಾರ್ಥಕವೇ ಇದ್ದರೆ ಆ ಸದಸ್ಯರ ಹೆಸರುಗಳನ್ನು ಕಾಗದದ ಅರ್ಜಿಯಿಂದ ಮತ್ತೆ ಸೇರಿಸದೆ ಬೇರೆ ಉಪಾಯವಿಲ್ಲ. ಆದ್ದರಿಂದ ಇದು ಸರಿಹೋಗುವವರೆಗೆ ಹೊಸ ನೋಂದಣಿಯನ್ನು ನಿಲ್ಲಿಸುವುದು ಒಳ್ಳೆಯದು.

ಇದಕ್ಕೆ ಕಾರಣ ಎರಡರಲ್ಲೊಂದು, ಕೆಲವೊಮ್ಮೆ ಎರಡೂ. ನಿಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್ 5.7 ಅಥವಾ ಅದಕ್ಕೂ ಹಳೆಯದಾಗಿದ್ದರೆ ಅದರ ಮೂಲ ಸಂಕೇತ ಪದ್ಧತಿ ಲ್ಯಾಟಿನ್-1. ಹಳೆಯ ಜೆಡಿಬಿಸಿ ಡ್ರೈವರ್‌ಗಳು, ಬೇರೆ ಏನನ್ನೂ ಹೇಳದಿದ್ದರೆ, ಸರ್ವರಿನ ಆ ಪದ್ಧತಿಯನ್ನೇ ಅನುಸರಿಸುತ್ತವೆ. ಹಳೆಯ ವಿಂಡೋಸ್ ಸ್ಥಾಪನೆಯಲ್ಲಿ ಯಾರೋ ಜಾಣರು ಸಂಪರ್ಕದ ಸಾಲಿನಲ್ಲಿ ಯುಟಿಎಫ್-8 ಎಂದು ಬರೆದಿಟ್ಟಿರುತ್ತಾರೆ; ಹೊಸ ಡೇಟಾಸೋರ್ಸನ್ನು ಕೈಯಾರೆ ಸೃಷ್ಟಿಸುವಾಗ ಆ ಸಣ್ಣ ತುಣುಕು ಬಿಟ್ಟುಹೋಗುತ್ತದೆ. ಮತ್ತೊಂದು ಕಾರಣ ಲಿನಕ್ಸ್ ಕಡೆಯದು. ನೀವು ಟರ್ಮಿನಲ್‌ನಿಂದ ಸರ್ವರ್ ಶುರು ಮಾಡಿದಾಗ ಭಾಷಾ ಪರಿಸರ ಯುಟಿಎಫ್-8 ಆಗಿರುತ್ತದೆ, ಎಲ್ಲವೂ ಚೆನ್ನಾಗಿ ಕಾಣುತ್ತದೆ. ಅದೇ ಸರ್ವರ್ ಯಂತ್ರ ಆರಂಭವಾಗುವಾಗ ಸಿಸ್ಟಂಡಿ ಸೇವೆಯಾಗಿ ಎದ್ದಾಗ ಭಾಷಾ ಪರಿಸರವನ್ನು ಹೇಳುವ ಲ್ಯಾಂಗ್ ಎಂಬ ವೇರಿಯಬಲ್ ಖಾಲಿಯಿರಬಹುದು, ಆಗ ಜಾವಾ ತನ್ನ ಮೂಲ ಪದ್ಧತಿಯನ್ನು ಇಂಗ್ಲಿಷ್ ಅಕ್ಷರಗಳಿಗಷ್ಟೇ ಜಾಗವಿರುವ ಆಸ್ಕಿ ಎಂದು ಭಾವಿಸುತ್ತದೆ. ಜಾವಾ 18ರಿಂದ ಫೈಲಿನ ಒಳಗಿನ ಪಠ್ಯಕ್ಕೆ ಯುಟಿಎಫ್-8 ಮೂಲ ಪದ್ಧತಿಯಾಗಿದೆ. ವೈಲ್ಡ್‌ಫ್ಲೈ 26ರ ಜೊತೆ ನೀವು ಬಹುಶಃ 11 ಅಥವಾ 17 ಬಳಸುತ್ತಿರುವುದರಿಂದ ಆ ಅನುಕೂಲ ನಿಮಗಿಲ್ಲ, ಆರಂಭದ ಆಯ್ಕೆಗಳಲ್ಲಿ ಫೈಲ್ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯಿರಿ. ಫೈಲುಗಳ ಹೆಸರಿನ ಕಥೆ ಇನ್ನೂ ಬೇರೆ. ಅದು ಹೊಸ ಜಾವಾದಲ್ಲೂ ಲಿನಕ್ಸಿನ ಭಾಷಾ ಪರಿಸರವನ್ನೇ ನೋಡುತ್ತದೆ. ಸದಸ್ಯರು ಕನ್ನಡ ಹೆಸರಿನ ಫೋಟೊ ಕಳುಹಿಸುವುದಿದ್ದರೆ ಸೇವಾ ಫೈಲಿನಲ್ಲಿ ಲ್ಯಾಂಗ್ ವೇರಿಯಬಲ್ಲನ್ನೂ ಯುಟಿಎಫ್-8 ಇರುವ ಪರಿಸರಕ್ಕೆ ಹೊಂದಿಸಲೇಬೇಕು.

ಒಂದು ಎಚ್ಚರಿಕೆ. ಹಳೆಯ ದಾಖಲೆಗಳಲ್ಲಿ ಯೂನಿಕೋಡ್ ಪೂರ್ವದ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳು ಉಳಿದಿದ್ದರೆ ಅವೂ ಲ್ಯಾಟಿನ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಅದು ಎಂಜಿನ್ ಬದಲಾವಣೆಯಿಂದ ಆದದ್ದಲ್ಲ. ಅವುಗಳಿಗೆ ಫಾಂಟ್ ಪರಿವರ್ತಕ ಬೇಕು. ಸಂಕೇತ ಪದ್ಧತಿಯ ಸೆಟ್ಟಿಂಗ್‌ಗಳನ್ನು ಎಷ್ಟು ತಿರುಗಿಸಿದರೂ ಸರಿಹೋಗುವುದಿಲ್ಲ, ಬದಲಿಗೆ ಸರಿಯಿದ್ದ ದಾಖಲೆಗಳೂ ಕೆಡುತ್ತವೆ.

ನೀವು ಕೇಳದಿದ್ದರೂ ಹೇಳಲೇಬೇಕಾದ ವಿಷಯ ಭದ್ರತೆ. ಲೂಸಿಯ ಅಡ್ಮಿನ್ ಪುಟಗಳನ್ನು ನೀವು ನಿಮ್ಮ ಕೋಡಿನಲ್ಲಿ ಸೇರಿಸಿಲ್ಲದಿದ್ದರೂ ಎಂಜಿನ್ ತನ್ನೊಳಗಿನಿಂದಲೇ ಅವನ್ನು ಒದಗಿಸುತ್ತದೆ. ನಿಮ್ಮ ಸ್ಥಿತಿಯಲ್ಲಿ ಪ್ರತಿ ರೀಸ್ಟಾರ್ಟ್ ನಂತರ ಪಾಸ್‌ವರ್ಡ್ ಇಲ್ಲದ ಹೊಚ್ಚಹೊಸ ಅಡ್ಮಿನ್ ಎದ್ದು ಕೂರುತ್ತಿದೆ. 2021ರಲ್ಲಿ ಪ್ರಕಟವಾದ ಸಿವಿಇ-2021-21307 ಎಂಬ ದೋಷದಲ್ಲಿ ಲೂಸಿಯ ಅಡ್ಮಿನ್ ಭಾಗದ ಮೂಲಕ ಲಾಗಿನ್ ಇಲ್ಲದೆಯೇ ಸರ್ವರ್ ಮೇಲೆ ಕೋಡ್ ಓಡಿಸಲು ಸಾಧ್ಯವಿತ್ತು. ನಿಮ್ಮ 5.4 ಆವೃತ್ತಿಯಲ್ಲಿ ಆ ದೋಷ ಸರಿಯಾಗಿದೆ, ಆದರೆ ಅಡ್ಮಿನ್ ವಿಳಾಸವನ್ನು ಹೊರಗಿನವರಿಗೆ ಮುಚ್ಚಿದವರಿಗೆ ಆಗಲೂ ತೊಂದರೆಯಾಗಲಿಲ್ಲ ಎಂಬುದನ್ನು ಗಮನಿಸಿ. ಲೂಸಿ ಎಂಬ ಮಾರ್ಗಕ್ಕೆ ಬರುವ ಕೋರಿಕೆಗಳನ್ನು ಜಾವಾ ಸರ್ವರಿನ ಮುಂದೆ ಪ್ರಾಕ್ಸಿಯಾಗಿ ನಿಂತು ಕೋರಿಕೆಗಳನ್ನು ಮೊದಲು ಪಡೆಯುವ ಅಪಾಚೆ ಅಥವಾ ಎಂಜಿನ್‌ಎಕ್ಸ್‌ನಲ್ಲಿಯೇ ತಡೆಯಿರಿ. ಅದರ ಹಿಂದಿರುವ ಜಾವಾ ಸರ್ವರ್‌ನಲ್ಲಿ ಐಪಿ ವಿಳಾಸ ನೋಡಿ ತಡೆಯುವ ನಿಯಮ ಬರೆದು ನೆಮ್ಮದಿಯಾಗಿರುವವರನ್ನು ಅನೇಕ ಕಡೆ ನೋಡಿದ್ದೇನೆ. ಪ್ರಾಕ್ಸಿ ಅದೇ ಯಂತ್ರದಲ್ಲಿದ್ದರೆ ಜಾವಾ ಸರ್ವರಿನ ಕಣ್ಣಿಗೆ ಜಗತ್ತಿನ ಎಲ್ಲರೂ 127.0.0.1 ಆಗಿಯೇ ಕಾಣುತ್ತಾರೆ, ಆ ನಿಯಮ ಎಲ್ಲರನ್ನೂ ಒಳಗೆ ಬಿಡುತ್ತದೆ. ಇನ್ನೊಂದು ಸಾಮಾನ್ಯ ಎಡವಟ್ಟು, ಚಿತ್ರಗಳನ್ನು ಬೇಗ ಕೊಡಲೆಂದು ಅಪಾಚೆಯ ಮೂಲ ಫೋಲ್ಡರನ್ನೂ ಅಪ್ಲಿಕೇಶನ್ ಫೋಲ್ಡರ್‌ಗೇ ತೋರಿಸುವುದು. ವೆಬ್-ಇನ್ಫ್ ಫೋಲ್ಡರನ್ನು ಕಾಯುವುದು ಜಾವಾ ಸರ್ವರ್ ಮಾತ್ರ. ಅಪಾಚೆಗೆ ಅದೂ ಒಂದು ಮಾಮೂಲಿ ಫೋಲ್ಡರ್.

ಪ್ರಾಕ್ಸಿ ಮತ್ತು ಟಾಮ್‌ಕ್ಯಾಟ್ ನಡುವಿನ ಸಂಪರ್ಕಕ್ಕೆ ಎಜೆಪಿ ಎಂಬ ಪ್ರೋಟೊಕಾಲ್ ಬಳಸುವವರು 2020ರ ಘೋಸ್ಟ್‌ಕ್ಯಾಟ್ ದೋಷವನ್ನು ನೆನಪಿಡಬೇಕು. ಆಗಿನವರೆಗೆ ಟಾಮ್‌ಕ್ಯಾಟ್‌ನ 8009 ಪೋರ್ಟ್ ತಾನಾಗಿಯೇ ತೆರೆದಿರುತ್ತಿತ್ತು, ಅದರ ಮೂಲಕ ಸಂರಚನೆಯ ಫೈಲುಗಳನ್ನೂ ಓದಬಹುದಿತ್ತು, 9.0.31ರಿಂದ ಅದು ಮೂಲತಃ ಮುಚ್ಚಿರುತ್ತದೆ, ತೆರೆದರೂ ರಹಸ್ಯ ಪದ ಕೇಳುತ್ತದೆ. ಹೊಸದಾಗಿ ಕಟ್ಟುವವರಿಗೆ ಸಾದಾ ಎಚ್‌ಟಿಟಿಪಿ ಪ್ರಾಕ್ಸಿ ಸಾಕು.

ಇನ್ನು ನಿಮ್ಮ ಮುಂದಿರುವ ದಾರಿಗಳು. ವೈಲ್ಡ್‌ಫ್ಲೈನಲ್ಲೇ ಉಳಿಯುವುದಾದರೆ ವಾರ್ ಫೈಲಿನ ಬದಲು ಅದೇ ಹೆಸರಿನ ಬಿಚ್ಚಿದ ಫೋಲ್ಡರನ್ನು ಡೆಪ್ಲಾಯ್‌ಮೆಂಟ್ಸ್ ಜಾಗದಲ್ಲಿಟ್ಟು, ಅದರ ಪಕ್ಕದಲ್ಲಿ ಡುಡೆಪ್ಲಾಯ್ ಎಂಬ ವಿಸ್ತರಣೆಯ ಖಾಲಿ ಗುರುತು ಫೈಲ್ ಇಡಬೇಕು. ಹೀಗೆ ಮಾಡಿದರೆ ತಾತ್ಕಾಲಿಕ ಫೋಲ್ಡರಿನ ಕಾಟ ತಪ್ಪುತ್ತದೆ. ಆದರೆ ವೈಲ್ಡ್‌ಫ್ಲೈ ತನ್ನದೇ ಎಕ್ಸ್‌ಎಂಎಲ್, ಲಾಗಿಂಗ್ ಮಾಡ್ಯೂಲ್‌ಗಳನ್ನು ಅಪ್ಲಿಕೇಶನ್‌ಗಳ ಮುಂದೆ ಇಡುತ್ತದೆ, ಲೂಸಿ ತನ್ನೊಳಗೆ ಓಎಸ್‌ಜಿಐ ಮೂಲಕ ತನ್ನದೇ ಆವೃತ್ತಿಗಳನ್ನು ಹೊತ್ತು ತರುತ್ತದೆ. ಇವೆರಡರ ಘರ್ಷಣೆಯಾದಾಗ ಬರುವ ದೋಷ ಸಂದೇಶಗಳು ನಿಜವಾದ ಕಾರಣದಿಂದ ಬಹಳ ದೂರವಿರುತ್ತವೆ. ಅಂಥ ಮಾಡ್ಯೂಲ್‌ಗಳನ್ನು ಹೊರಗಿಡಲು ವಿವರಣಾ ಫೈಲ್ ಬರೆಯಬಹುದು, ಆದರೆ ಪ್ರತಿ ಆವೃತ್ತಿ ಬದಲಾವಣೆಯಲ್ಲೂ ಅದನ್ನು ಮರುಪರಿಶೀಲಿಸುವವರು ನಿಮ್ಮಲ್ಲಿ ಇರಬೇಕು. ಜೊತೆಗೆ ವೈಲ್ಡ್‌ಫ್ಲೈ 26ಕ್ಕೆ ಸಮುದಾಯದಿಂದ ಭದ್ರತಾ ತಿದ್ದುಪಡಿ ಬರುತ್ತಿಲ್ಲ, 27ಕ್ಕೆ ಹೋದರೆ ನಿಮ್ಮ ಲೂಸಿ 5.4 ನಡೆಯುವುದಿಲ್ಲ. ಈ ಇಕ್ಕಟ್ಟೇ ನನ್ನ ಸಲಹೆಯನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ನಿಮ್ಮ ತಂತ್ರಾಂಶಕ್ಕೆ ಇಜೆಬಿ, ಸಂದೇಶ ಸರತಿ, ಹಂಚಿದ ವಹಿವಾಟು ಇಂಥ ಪೂರ್ಣ ಅಪ್ಲಿಕೇಶನ್ ಸರ್ವರಿನ ಸೌಲಭ್ಯಗಳು ಯಾವುವೂ ಬೇಕಿಲ್ಲ. ಲೂಸಿಗೆ ಬೇಕಾದದ್ದು ಸರ್ವ್ಲೆಟ್ ಕಂಟೈನರ್ ಒಂದೇ. ಆದ್ದರಿಂದ ಪ್ರತ್ಯೇಕ ಟಾಮ್‌ಕ್ಯಾಟ್ ನನ್ನ ಮೊದಲ ಆಯ್ಕೆ. ಈಗ ಟಾಮ್‌ಕ್ಯಾಟ್ 9ರ ಮೇಲೆ ಲೂಸಿ 6ನ್ನು ಕೂರಿಸಿ, ಕೋಡ್ ಸ್ಥಿರವಾದ ಮೇಲೆ ಟಾಮ್‌ಕ್ಯಾಟ್ 11 ಮತ್ತು ಲೂಸಿ 7ಕ್ಕೆ ಒಟ್ಟಿಗೆ ಸಾಗಿ. ಕೋಲ್ಡ್‌ಫ್ಯೂಷನ್‌ನಿಂದ ಲೂಸಿಗೆ, ವಿಂಡೋಸ್‌ನಿಂದ ಲಿನಕ್ಸ್‌ಗೆ, ಜಾವಾಎಕ್ಸ್‌ನಿಂದ ಜಕಾರ್ತಾಗೆ ಮೂರು ಜಿಗಿತಗಳನ್ನೂ ಒಂದೇ ವಾರದಲ್ಲಿ ಮಾಡಿದರೆ ಯಾವ ದೋಷ ಯಾವುದರಿಂದ ಬಂತೆಂದು ಹೇಳಲು ಯಾರಿಗೂ ಆಗುವುದಿಲ್ಲ. ಟಾಮ್‌ಕ್ಯಾಟ್‌ನಲ್ಲಿ ಹೊಸ ಕೋಡ್ ಹಾಕುವಾಗ ನಡೆಯುತ್ತಿರುವ ಸರ್ವರಿನ ಮೇಲೆಯೇ ಎಂಜಿನ್ ಸಮೇತ ರೀಡೆಪ್ಲಾಯ್ ಮಾಡಬೇಡಿ. ಹಳೆಯ ಕ್ಲಾಸ್‌ಗಳನ್ನು ಹಿಡಿದಿರುವ ಕ್ಲಾಸ್ ಲೋಡರ್ ಯಾವುದೋ ಥ್ರೆಡ್‌ಗೋ ಡ್ರೈವರ್‌ಗೋ ಅಂಟಿಕೊಂಡು ಬಿಡುಗಡೆಯಾಗದೆ ಉಳಿಯುತ್ತದೆ, ಕೆಲವು ಸಲದ ನಂತರ ಕ್ಲಾಸ್‌ಗಳಿಗೆ ಮೀಸಲಾದ ಮೆಮೊರಿ (ಮೆಟಾಸ್ಪೇಸ್) ತುಂಬಿ ಸರ್ವರ್ ನಿಲ್ಲುತ್ತದೆ. ಸಿಎಫ್‌ಎಂ ಫೈಲುಗಳನ್ನಷ್ಟೇ ಬದಲಿಸುವುದಾದರೆ ಅದರ ಅಗತ್ಯವೂ ಇಲ್ಲ. ಈ ದಾರಿಯ ವೆಚ್ಚವೆಂದರೆ ನಿಮ್ಮ ಸಿಬ್ಬಂದಿ ಇನ್ನೊಂದು ಸರ್ವರನ್ನು ಕಲಿತು ತಿದ್ದುಪಡಿ ಹಾಕುತ್ತಿರಬೇಕು. ಡಾಕರ್‌ನಂಥ ಕಂಟೈನರ್ ಚಿತ್ರಿಕೆಗಳ (ತಂತ್ರಾಂಶವನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ಕಟ್ಟಿಟ್ಟ ಪೊಟ್ಟಣಗಳ) ಅನುಭವವಿದ್ದರೆ ಲೂಸಿಯ ಡಾಕರ್ ಚಿತ್ರಿಕೆಯೂ ಆಗಬಹುದು. ಅಲ್ಲಿ ದತ್ತಾಂಶವನ್ನು ಹೊರಗಿಡುವ ಶಿಸ್ತು ಇನ್ನೂ ಬಿಗಿಯಾಗಿರಬೇಕು.

ಅಡೋಬಿಯ ಕೋಲ್ಡ್‌ಫ್ಯೂಷನ್‌ಗೆ ಮರಳುವುದು ಸೋಲೇನಲ್ಲ. ನಿಮ್ಮ ವರದಿಗಳು ಕೋಲ್ಡ್‌ಫ್ಯೂಷನ್‌ನ ವರದಿ ಸೌಲಭ್ಯವಾದ ಸಿಎಫ್‌ರಿಪೋರ್ಟ್ ಮೇಲೆ ನಿಂತಿದ್ದರೆ ಅದು ಲೂಸಿಯಲ್ಲಿ ಇಲ್ಲ, ಆ ಭಾಗವನ್ನು ಹೊಸದಾಗಿ ಬರೆಯುವ ಖರ್ಚನ್ನು ಪರವಾನಗಿಯ ಖರ್ಚಿನೊಂದಿಗೆ ತೂಗಿ ನೋಡಿ. ಆದರೆ ಹಳೆಯ ಆವೃತ್ತಿಗೇ ಮರಳಿ ಅಂತರ್ಜಾಲಕ್ಕೆ ತೆರೆದಿಡುವುದನ್ನು ನಾನು ಒಪ್ಪುವುದಿಲ್ಲ. 2023ರಲ್ಲಿ ಸಿವಿಇ-2023-26360 ದೋಷದ ಮೂಲಕ ಅಮೆರಿಕದ ಸರ್ಕಾರಿ ಸಂಸ್ಥೆಯೊಂದರ ಸರ್ವರ್‌ಗಳಿಗೇ ನುಸುಳಿದ್ದರೆಂದು ಅಲ್ಲಿನ ಸೈಬರ್ ಭದ್ರತಾ ಸಂಸ್ಥೆ ಸಿಸಾ ಪ್ರಕಟಿಸಿತ್ತು. ಹಳೆಯ, ತಿದ್ದುಪಡಿಯಿಲ್ಲದ ಕೋಲ್ಡ್‌ಫ್ಯೂಷನ್‌ಗಳನ್ನು ಹುಡುಕುವವರು ನಿರಂತರವಾಗಿದ್ದಾರೆ.

ಲೂಸಿಯಲ್ಲೇ ಮುಂದುವರಿದರೆ ಪರೀಕ್ಷೆಯ ಹೊತ್ತಿಗೆ ಒಂದು ವ್ಯತ್ಯಾಸವನ್ನು ವಿಶೇಷವಾಗಿ ಹುಡುಕಿ. ಅಡೋಬಿಯ ಎಂಜಿನ್ ಫಂಕ್ಷನ್ ಒಂದಕ್ಕೆ ಅರೇ (ಮೌಲ್ಯಗಳ ಪಟ್ಟಿ) ಕೊಡುವಾಗ ಮೂಲತಃ ಅದರ ನಕಲನ್ನು ಕೊಡುತ್ತದೆ. ಲೂಸಿ ಮೂಲವನ್ನೇ ಕೊಡುತ್ತದೆ. ಫಂಕ್ಷನ್ ಒಳಗೆ ಅರೇಯಿಂದ ಏನನ್ನಾದರೂ ತೆಗೆದರೆ ಅಥವಾ ಸೇರಿಸಿದರೆ ಲೂಸಿಯಲ್ಲಿ ಹೊರಗಿನ ಅರೇ ಕೂಡ ಬದಲಾಗುತ್ತದೆ. ದೋಷ ಸಂದೇಶವಿಲ್ಲ, ಲಾಗ್ ಇಲ್ಲ. ಲೆಕ್ಕ ಮಾತ್ರ ಬೇರೆಯಾಗಿರುತ್ತದೆ. ಸಾಲದ ಕಂತು, ಬಡ್ಡಿ, ಲಾಭಾಂಶದ ಕೋಡಿನಲ್ಲಿ ಅರೇಗಳನ್ನು ಫಂಕ್ಷನ್‌ಗಳಿಗೆ ಕೊಡುವ ಪ್ರತಿ ಜಾಗವನ್ನೂ ಕಣ್ಣಿಟ್ಟು ಓದಿ, ಅಗತ್ಯವಿದ್ದಲ್ಲಿ ನಕಲು ಮಾಡಿ ಕೊಡಿ. ಹಳೆಯ ಸರ್ವರನ್ನು ಅಂತರ್ಜಾಲದಿಂದ ಕಡಿದು, ಒಳಗಿನ ಜಾಲದಲ್ಲಿ ಮಾತ್ರ ನಡೆಯುವಂತೆ ಇಟ್ಟುಕೊಂಡು, ಒಂದೇ ದತ್ತಾಂಶದ ಮೇಲೆ ಎರಡೂ ಕಡೆ ಲೆಕ್ಕ ಓಡಿಸಿ ತಾಳೆ ನೋಡಿ. ಲಾಭಾಂಶ ಹಂಚಿಕೆ ಮತ್ತು ವರ್ಷಾಂತ್ಯದ ಷೇರು ಪಟ್ಟಿಯ ಕೋಡ್ ವರ್ಷಕ್ಕೊಮ್ಮೆ ಮಾತ್ರ ಓಡುವುದರಿಂದ, ಮಾರ್ಚ್ 31 ದಾಟಿ ಆ ಪಟ್ಟಿಗಳು ಎರಡೂ ಕಡೆ ಒಂದೇ ಆಗಿ ಬರುವವರೆಗೆ ಹಳೆಯ ಯಂತ್ರವನ್ನು ತೆಗೆದುಹಾಕಬೇಡಿ.